ಫೋಟೊಗ್ರಾಫರ್‌ಗೆ ದರ ಕೇಳುವ ಮುನ್ನ ಕೆಲಸ ಬರೆದುಕೊಡಿ

ಮಾನ್ಯ ಸಂಪಾದಕರೇ,

ಸಣ್ಣ ಕೈಗಾರಿಕೆಗಳ ಸಾಲ, ರಫ್ತು, ವಿದ್ಯುತ್ ದರದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಅದೇ ಕೈಗಾರಿಕೆಗಳು ಹಣ ಕೊಟ್ಟು ಮಾಡಿಸಿಕೊಂಡು ಕೊನೆಗೆ ಬಳಸದೆ ಬಿಡುವ ಒಂದು ಕೆಲಸದ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ. ಅದು ಕಂಪನಿಯ ಫೋಟೊಗಳು. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ, ಹುಬ್ಬಳ್ಳಿಯ ತಾರಿಹಾಳ ಮುಂತಾದ ಕಡೆ ಕಾರ್ಖಾನೆಗಳ ಫೋಟೊ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಉದ್ಯಮಿಗಳಿಗೆ ಉಪಯೋಗವಾಗಲಿ ಎಂಬುದು ಮೊದಲ ಉದ್ದೇಶ. ನಮ್ಮ ಕಸುಬಿನವರಿಗೂ ಇದರಿಂದ ಅನುಕೂಲವಿದೆ, ಅದನ್ನು ಮುಚ್ಚಿಡುವುದಿಲ್ಲ.

ಕಾರ್ಖಾನೆಗಳಿಂದ ಬರುವ ಕರೆಗಳು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳಿಂದ ಶುರುವಾಗುತ್ತವೆ: ದಿನಕ್ಕೆ ಎಷ್ಟು, ಎಷ್ಟು ಫೋಟೊ ಕೊಡುತ್ತೀರಿ? ಈ ಎರಡಕ್ಕೂ ಪ್ರಾಮಾಣಿಕ ಉತ್ತರ ಕೊಡಬೇಕಾದರೆ ಫೋಟೊ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿರಬೇಕು. ಬಿಳಿ ಹಿನ್ನೆಲೆಯಲ್ಲಿ ಸಣ್ಣ ಬಿಡಿಭಾಗಗಳಾದರೆ ಒಂದು ದಿನದಲ್ಲಿ 25ರಿಂದ 40 ಮುಗಿಯುತ್ತವೆ. ಶೆಡ್ಡಿನೊಳಗೆ ನಿಂತಿರುವ, ಕಂಪ್ಯೂಟರ್ ನಿಯಂತ್ರಿಸುವ ದೊಡ್ಡ ಸಿಎನ್‌ಸಿ ಯಂತ್ರಗಳಾದರೆ ಲೈಟು ಹಾಕಿ, ಜಾಗ ಸ್ವಚ್ಛ ಮಾಡಿ, ಆಪರೇಟರ್‌ನನ್ನು ನಿಲ್ಲಿಸಿ ತೆಗೆಯುವಷ್ಟರಲ್ಲಿ ದಿನಕ್ಕೆ ಆರರಿಂದ ಹತ್ತು ಒಳ್ಳೆಯ ಚಿತ್ರ ಸಿಕ್ಕರೆ ಅದೇ ಹೆಚ್ಚು. ಇಡೀ ದಿನ ಓಡಾಡಿ 400 ಫೋಟೊ ಕೊಡುತ್ತೇನೆ ಎನ್ನುವವರು 400 ಬಾರಿ ಗುಂಡಿ ಒತ್ತುವುದು ನಿಜ. ಅದರಲ್ಲಿ ಬ್ರೋಷರಿನ ಮುಖಪುಟಕ್ಕೆ ಕೂರುವುದು ಒಂದೂ ಇಲ್ಲದಿರಬಹುದು.

ಆದ್ದರಿಂದ ಮೊದಲು ಮಾಡಬೇಕಾದ್ದು ಒಂದು ಹಾಳೆ ತೆಗೆದುಕೊಂಡು ಬೇಕಾದ ಚಿತ್ರಗಳನ್ನು ಒಂದೊಂದಾಗಿ ಬರೆಯುವುದು. ಪ್ರತಿ ಚಿತ್ರದ ಎದುರು ಅದು ಬಳಕೆಯಾಗುವ ಜಾಗವನ್ನೂ ಬರೆಯಿರಿ: ವೆಬ್‌ಸೈಟಿನ ಮೇಲ್ಭಾಗ, ಎ4 ಬ್ರೋಷರ್, ಪ್ರದರ್ಶನದ ಮಳಿಗೆ, ಟೆಂಡರಿನ ತಾಂತ್ರಿಕ ದಾಖಲೆ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಹೀಗೆ. ಇದು ಬರವಣಿಗೆಯ ಶಿಸ್ತಿಗಾಗಿ ಹೇಳುತ್ತಿರುವ ಮಾತಲ್ಲ. ವೆಬ್‌ಸೈಟಿನ ಮೇಲ್ಭಾಗಕ್ಕೆ ಅಗಲವಾದ ಚಿತ್ರ ಬೇಕು, ಒಂದು ಪಕ್ಕದಲ್ಲಿ ಅಕ್ಷರ ಕೂರಿಸಲು ಖಾಲಿ ಜಾಗ ಬೇಕು. ಬ್ರೋಷರಿನ ಮುಖಪುಟ ಉದ್ದುದ್ದ. ಒಂದೇ ಚಿತ್ರವನ್ನು ಎರಡಕ್ಕೂ ಕತ್ತರಿಸಿ ಹೊಂದಿಸಲು ಹೋದರೆ ಯಂತ್ರದ ತಲೆಯೋ ಬುಡವೋ ಹೋಗುತ್ತದೆ. ಸ್ಥಳದಲ್ಲೇ ಗೊತ್ತಿದ್ದರೆ ಅದೇ ಲೈಟಿನಲ್ಲಿ ಕ್ಯಾಮೆರಾ ತಿರುಗಿಸಿ ಇನ್ನೊಂದು ತೆಗೆಯಲು ಎರಡು ನಿಮಿಷ ಸಾಕು.

ಅಳತೆಯ ಲೆಕ್ಕವನ್ನೂ ಉದ್ಯಮಿಗಳು ತಿಳಿದಿರುವುದು ಒಳ್ಳೆಯದು. ಎ4 ಪುಟ ಪೂರ್ತಿ ಮುದ್ರಿಸಲು ಅಂಗುಲಕ್ಕೆ 300 ಪಿಕ್ಸೆಲ್ (ಚಿತ್ರದ ಚುಕ್ಕಿ) ಲೆಕ್ಕದಲ್ಲಿ 2480×3508 ಪಿಕ್ಸೆಲ್ ಬೇಕು. ಮಳಿಗೆಯ ಗೋಡೆಗೆ 8×10 ಅಡಿಯ ಪ್ಯಾನೆಲ್ ಹಾಕುವುದಾದರೆ ಜನ ದೂರದಿಂದ ನೋಡುವುದರಿಂದ ಅಂಗುಲಕ್ಕೆ 50 ಸಾಕು. ಆಗಲೂ 4800×6000 ಪಿಕ್ಸೆಲ್ ಬೇಕಾಗುತ್ತದೆ. ಈಗ ಸಾಮಾನ್ಯವಾಗಿರುವ 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 4000×6000. ಅಂದರೆ ಕತ್ತರಿಸದೆ ಇಟ್ಟರೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಅರ್ಧ ಕತ್ತರಿಸಿದರೆ ಮಸುಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊವನ್ನೇ ಪ್ಯಾನೆಲ್ ಮಾಡಲು ಪ್ರಿಂಟರ್‌ಗೆ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಪ್ರದರ್ಶನಗಳಲ್ಲಿ ಕಣ್ಣಾರೆ ನೋಡಬಹುದು. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್ ಲಿಂಕ್ ಕೊಡಿ.

ಸಮಯದ ಲೆಕ್ಕವೂ ಹಿಂದಿನಿಂದ ಹಾಕಬೇಕು. ಯಂತ್ರೋಪಕರಣದವರಿಗೆ ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರವಾದ ಬಿಐಇಸಿಯಲ್ಲಿ ಜನವರಿಯಲ್ಲಿ ನಡೆಯುವ ಇಮ್‌ಟೆಕ್ಸ್ ದೊಡ್ಡ ಪ್ರದರ್ಶನ. ಪ್ಯಾನೆಲ್ ಮುದ್ರಿಸುವವರಿಗೆ ಹತ್ತು ದಿನ, ಡಿಸೈನ್ ಮಾಡುವವರಿಗೆ ಎರಡು ವಾರ, ಫೋಟೊ ತಿದ್ದಲು ಒಂದು ವಾರ, ಮಳೆಯೋ ಯಂತ್ರ ಕೈಕೊಡುವುದೋ ಆದರೆ ಇನ್ನೊಂದು ವಾರ. ಹಾಗೆ ಎಣಿಸಿದರೆ ಐದೂವರೆ ವಾರ ಆಗುತ್ತದೆ, ಫೋಟೊಗ್ರಾಫರ್ ಡಿಸೆಂಬರ್ ಮೊದಲ ವಾರದೊಳಗೇ ಶೆಡ್ಡಿನಲ್ಲಿರಬೇಕು. ಡಿಸೆಂಬರ್ ಮೂರನೇ ವಾರದಲ್ಲಿ ಕರೆದರೆ ಒಳ್ಳೆಯವರು ಸಿಗುವುದಿಲ್ಲ. ಸಿಕ್ಕವರೂ ಅವಸರದಲ್ಲಿ ಮುಗಿಸುತ್ತಾರೆ.

ಇನ್ನು ಆಯ್ಕೆಯ ವಿಚಾರ. ಮದುವೆ ಫೋಟೊ ತೆಗೆಯುವ ಪರಿಚಯದವರನ್ನೇ ಕಾರ್ಖಾನೆಗೆ ಕರೆಯುವ ರೂಢಿ ನಮ್ಮಲ್ಲಿ ಬಹಳ ಇದೆ. ಅವರ ಕೆಲಸ ಕಡಿಮೆಯದಲ್ಲ. ಕ್ಷಣದಲ್ಲಿ ಆಗಿ ಹೋಗುವುದನ್ನು ಹಿಡಿಯುವ ಕೈಚಳಕ ಅವರಿಗಿರುವಷ್ಟು ಬೇರೆಯವರಿಗಿಲ್ಲ. ಆದರೆ ಅಲ್ಲಿಯ ಅಭ್ಯಾಸಗಳು ಬೇರೆ. ಹಿನ್ನೆಲೆ ಮಸುಕಾಗಬೇಕು, ಬಣ್ಣ ಬೆಚ್ಚಗಿರಬೇಕು, ಚರ್ಮ ನುಣುಪಾಗಬೇಕು. ಯಂತ್ರದ ಚಿತ್ರದಲ್ಲಿ ಬಿಡಿಭಾಗ ಹಿಡಿಯುವ ಮುಂದಿನ ಚಕ್‌ನಿಂದ ಹಿಂದಿನ ಪ್ಯಾನೆಲ್‌ವರೆಗೆ ಎಲ್ಲವೂ ಸ್ಪಷ್ಟವಿರಬೇಕು, ಶೆಡ್ಡಿನ ಕಂಬ ನೆಟ್ಟಗಿರಬೇಕು, ಕಂಪನಿಯ ನೀಲಿ ಬಣ್ಣ ಕಂಪನಿಯ ನೀಲಿಯಾಗಿಯೇ ಕಾಣಬೇಕು. ಇವು ಬೇರೆಯದೇ ತಯಾರಿ ಕೇಳುತ್ತವೆ.

ಹಳೆಯ ಕೆಲಸ ತೋರಿಸಿ ಎಂದರೆ ಎಲ್ಲರೂ ಹತ್ತು ಕಡೆಯ ಹತ್ತು ಅತ್ಯುತ್ತಮ ಚಿತ್ರ ತೋರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ಕಾರ್ಖಾನೆಯಲ್ಲಿ ತೆಗೆದು ಗ್ರಾಹಕರಿಗೆ ಒಪ್ಪಿಸಿದ 30–40 ಚಿತ್ರಗಳ ಪೂರ್ತಿ ಫೋಲ್ಡರ್ ತೋರಿಸಲು ಹೇಳಿ, ಆ ಗ್ರಾಹಕರ ಒಪ್ಪಿಗೆ ಇರುವುದನ್ನೇ ತೋರಿಸಲಿ. ಮೊದಲ ಚಿತ್ರದ ಬಣ್ಣಕ್ಕೂ ಮೂವತ್ತನೆಯದಕ್ಕೂ ತಾಳೆಯಾಗುತ್ತದೆಯೇ ನೋಡಿ. ಕಂಬಗಳು, ಬಾಗಿಲ ಚೌಕಟ್ಟು ಒಳಗೆ ವಾಲಿವೆಯೇ ನೋಡಿ. ಲೋಹದ ಮೇಲೆ ಬೆಳಕು ಬಿದ್ದ ಕಡೆ ವಿವರವೇ ಇಲ್ಲದೆ ಬೆಳ್ಳಗೆ ಸುಟ್ಟುಹೋಗಿದೆಯೇ ನೋಡಿ. ಕಪ್ಪು ಮೈಬಣ್ಣದ ಕಾರ್ಮಿಕರ ಮುಖ ಅವರದೇ ಬಣ್ಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆಯೇ, ಇಲ್ಲ ಕತ್ತಲಲ್ಲಿ ಮುಳುಗಿದೆಯೇ, ಇಲ್ಲ ಬಿಳಿಚಿಸಿದ್ದಾರೆಯೇ ಎಂಬುದನ್ನು ತಪ್ಪದೆ ಗಮನಿಸಿ. ಕೆಲಸ ಬಲ್ಲವರನ್ನು ಇದೊಂದರಲ್ಲೇ ಗುರುತಿಸಬಹುದು. ಜೊತೆಗೆ ಕೇಳಲೇಬೇಕಾದ ಒಂದು ಪ್ರಶ್ನೆ: ಇವನ್ನು ತೆಗೆದವರು ಯಾರು, ನಮ್ಮಲ್ಲಿಗೆ ಬರುವವರು ಯಾರು? ಸ್ಟುಡಿಯೊ ಮಾಲೀಕರ ಕೆಲಸ ನೋಡಿ ಒಪ್ಪಿಕೊಂಡು, ದಿನ ಬಂದಾಗ ಅವರ ಹುಡುಗರು ಬಂದರೆ ತಕರಾರು ಮಾಡುವ ಹೊತ್ತು ಮೀರಿರುತ್ತದೆ. ದೊಡ್ಡ ಕೆಲಸವಾದರೆ ಅರ್ಧ ದಿನದ ಹಣ ಕೊಟ್ಟು ಒಂದು ಯಂತ್ರ, ಒಂದು ಬಿಡಿಭಾಗ, ಒಬ್ಬ ಕಾರ್ಮಿಕರ ಚಿತ್ರ ತೆಗೆಸಿ ನೋಡಿ. ಉಚಿತ ಸ್ಯಾಂಪಲ್ ಕೇಳಬೇಡಿ, ಅದರಲ್ಲಿ ಯಾರೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ.

ಕಾರ್ಖಾನೆಯ ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಫೋಟೊಗಳು ಕೆಡುವುದು ಇಲ್ಲಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದು. ಹಾಗಾಗಿ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗ 500ನೇ ಒಂದು ಸೆಕೆಂಡಿಗೆ ಏರಿಸಿದರೆ, ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ, ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆಗಳು ಬರುತ್ತವೆ. ಅವನ್ನು ಆಮೇಲೆ ಅಳಿಸುವುದು ದೊಡ್ಡ ತಲೆನೋವು. 50ನೇ ಅಥವಾ 100ನೇ ಒಂದು ಸೆಕೆಂಡಿನಲ್ಲಿ ಮೆಕ್ಯಾನಿಕಲ್ ಶಟರ್ ಇಟ್ಟು, ಟ್ರೈಪಾಡ್ ಹಾಕಿ ತೆಗೆಯುವುದು ಇದಕ್ಕೆ ಪರಿಹಾರ. ಎರಡನೆಯ ತೊಂದರೆ ಮಿಶ್ರ ಬೆಳಕಿನದು. ಚಾವಣಿಯಲ್ಲಿ ಹಸಿರು ಅಥವಾ ನೀಲಿ ಫೈಬರ್ ಶೀಟು, ಕೆಳಗೆ ಬಿಳಿ ಎಲ್‌ಇಡಿ, ಮೂಲೆಯಲ್ಲಿ ಹಳೆಯ ಸೋಡಿಯಂ ದೀಪ. ಮೂರರ ಬಣ್ಣವೂ ಬೇರೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಸೋಡಿಯಂ ದೀಪ ಆರಿಸಿ, ಮುಖ್ಯ ಭಾಗಕ್ಕೆ ಫ್ಲ್ಯಾಶ್ ಹಾಕಿ, ಬೂದು ಕಾರ್ಡ್ ಇಟ್ಟು ಬಣ್ಣ ಅಳೆದುಕೊಳ್ಳುವವರು ಬೇಕು. ಫೋಟೊಗ್ರಾಫರ್ ಮುಂಚಿತವಾಗಿ ಒಮ್ಮೆ ಬಂದು ಶೆಡ್ ನೋಡಿ, ಯಾವ ದೀಪ ಯಾವ ಸ್ವಿಚ್ಚಿನದು, ಬಿಸಿಲು ಯಾವ ಹೊತ್ತಿಗೆ ಯಾವ ಬದಿಯಿಂದ ಬೀಳುತ್ತದೆ ಎಂದು ಕೇಳಿದರೆ ಅವರಿಗೆ ಕೆಲಸ ಗೊತ್ತು ಎಂದು ತಿಳಿಯಬಹುದು. ಆ ಭೇಟಿಗೆ ಅವರು ಸ್ವಲ್ಪ ಹಣ ಕೇಳಿದರೆ ಕೊಡಿ.

ಹೊಳೆಯುವ ಬಿಡಿಭಾಗಗಳ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಇದೆ. ಪೋಲರೈಜರ್ ಫಿಲ್ಟರ್ ಹಾಕಿದರೆ ಪ್ರತಿಫಲನ ಹೋಗುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ಗಾಜು, ಪೇಂಟ್ ಹಚ್ಚಿದ ಮೇಲ್ಮೈ, ಪ್ಲಾಸ್ಟಿಕ್ಕಿಗೆ ಅದು ನಿಜ. ಬರಿಯ ಸ್ಟೀಲು, ಅಲ್ಯೂಮಿನಿಯಂ, ಕ್ರೋಮ್ ಲೇಪಕ್ಕೆ ಫಿಲ್ಟರೊಂದರಿಂದಲೇ ಕೆಲಸ ಆಗುವುದಿಲ್ಲ. ಗ್ರೈಂಡ್ ಮಾಡಿದ ಶಾಫ್ಟಿನಲ್ಲಿ ಎದುರಿಗಿರುವುದೆಲ್ಲ ಕಾಣುತ್ತದೆ, ಫೋಟೊಗ್ರಾಫರ್ ಸಹಿತ. ಅದಕ್ಕೆ ದೊಡ್ಡ ಬಿಳಿ ಪರದೆಯ ಹಿಂದಿನಿಂದ ಬೆಳಕು ಬಿಟ್ಟು, ಅಂಚು ಎದ್ದು ಕಾಣುವಂತೆ ಪಕ್ಕದಲ್ಲಿ ಕಪ್ಪು ಕಾರ್ಡ್ ನಿಲ್ಲಿಸಬೇಕು. ಒಂದು ಶಾಫ್ಟಿಗೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಬಿಡಿಭಾಗದ ಮೇಲಿನ ಬೆರಳಚ್ಚು, ತುಕ್ಕು ನಿರೋಧಕ ಎಣ್ಣೆ, ಅಂಚಿನಲ್ಲಿ ಉಳಿದ ಲೋಹದ ಮುಳ್ಳು (ಬರ್) ಇವೆಲ್ಲ ಕ್ಯಾಮೆರಾದಲ್ಲಿ ಹತ್ತುಪಟ್ಟು ಕಾಣುತ್ತವೆ. ಸ್ಟೋರಿನಿಂದ ಬಂದ ಮಾಮೂಲಿ ಪೀಸ್ ಕೊಡದೆ, ಗುಣಮಟ್ಟ ವಿಭಾಗದವರು ಆರಿಸಿದ ಎರಡೆರಡು ಪೀಸ್ ತೆಗೆದಿಡಿ, ಕೈಗವಸು ಹಾಕಿ ಮುಟ್ಟಿ.

ಇಳಕಲ್ ಸೀರೆ, ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆ ಮಾರುವವರಿಗೆ ಬಣ್ಣವೇ ಸರಕು. 24 ಬಣ್ಣದ ಚೌಕಗಳಿರುವ ಕಾರ್ಡನ್ನು ಪ್ರತಿ ಬಾರಿ ಬೆಳಕು ಬದಲಿಸಿದಾಗ ಒಮ್ಮೆ ತೆಗೆದುಕೊಳ್ಳುವವರನ್ನೇ ಕರೆಯಿರಿ. ಆನ್‌ಲೈನ್‌ನಲ್ಲಿ ಕೊಂಡ ಸೀರೆ ಬಣ್ಣ ಬೇರೆಯೆಂದು ವಾಪಸು ಬಂದರೆ ಹೋಗಿಬರುವ ಸಾಗಣೆ ಖರ್ಚು ಹೆಚ್ಚಾಗಿ ಮಾರುವವರ ಮೇಲೆಯೇ. ಅಮೆಜಾನ್‌ನಲ್ಲಿ ಮುಖ್ಯ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆ, ವಸ್ತು ಚೌಕಟ್ಟಿನ ಶೇ 85 ಭಾಗ ತುಂಬಬೇಕು ಎಂಬಂಥ ನಿಯಮಗಳಿವೆ. ಇವನ್ನು ಫೋಟೊಗ್ರಾಫರ್‌ಗೆ ಮೊದಲೇ ಹೇಳಿ.

ಚಿತ್ರೀಕರಣದ ದಿನ ಹಾಳಾಗುವುದು ಹೆಚ್ಚಾಗಿ ಕಾರ್ಖಾನೆಯ ಕಡೆಯ ತಯಾರಿ ಇಲ್ಲದೆ. ಹಿಂದಿನ ಸಂಜೆಯೇ ಯಂತ್ರದ ಮೇಲಿನ ಕೂಲೆಂಟ್ ಕಲೆ ಒರೆಸಿ, ಲೋಹದ ಚೂರು (ಚಿಪ್) ಗುಡಿಸಿ, ಪ್ಲಾಸ್ಟಿಕ್ ಕುರ್ಚಿ, ಊಟದ ಡಬ್ಬಿ, ಹಳೆ ಕ್ಯಾಲೆಂಡರ್ ತೆಗೆಸಿ. ಆಪರೇಟರ್‌ಗಳಿಗೆ ಒಗೆದ ಸಮವಸ್ತ್ರ, ಕನ್ನಡಕ, ಸುರಕ್ಷಾ ಬೂಟು ಕೊಡಿ. ಇದು ಅಲಂಕಾರಕ್ಕೆ ಹೇಳುತ್ತಿಲ್ಲ. ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಕನ್ನಡಕವಿಲ್ಲದ ಒಂದು ಚಿತ್ರ ವೆಬ್‌ಸೈಟಿನಲ್ಲಿದ್ದರೆ ವಿದೇಶದ ಖರೀದಿದಾರರ ಆಡಿಟ್‌ನಲ್ಲಿ ಅದೇ ಮೊದಲ ಪ್ರಶ್ನೆಯಾಗುತ್ತದೆ. ಫೋಟೊಗೆ ಮಾತ್ರ ಕನ್ನಡಕ ಹಾಕಿಸಿ ಮಾರನೆಯ ದಿನ ಕಿತ್ತುಕೊಳ್ಳುವುದಾದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇವೆ. ಬಿಳಿ ಹಲಗೆಯ ಮೇಲಿನ ಉತ್ಪಾದನಾ ಲೆಕ್ಕ, ಕಂಪ್ಯೂಟರ್ ಪರದೆಯ ಡ್ರಾಯಿಂಗ್, ಕ್ರೇಟ್ ಮೇಲಿನ ಗ್ರಾಹಕರ ಹೆಸರು ಮತ್ತು ಪಾರ್ಟ್ ನಂಬರ್ ಚಿತ್ರದಲ್ಲಿ ಬಂದರೆ ಗೋಪ್ಯತಾ ಒಪ್ಪಂದ ಮುರಿದಂತೆ. ಇದನ್ನು ಗಮನಿಸಲು, ಯಂತ್ರ ನಿಲ್ಲಿಸಿ ಎನ್ನುವ ಅಧಿಕಾರವಿರುವ ಒಬ್ಬ ಸೂಪರ್‌ವೈಸರ್ ದಿನವಿಡೀ ಫೋಟೊಗ್ರಾಫರ್ ಜೊತೆಗಿರಬೇಕು. ಹೊಸದಾಗಿ ಸೇರಿದ ಟ್ರೈನಿಯನ್ನು ಕಳಿಸಿದರೆ ಆಗುವುದಿಲ್ಲ.

ಫೌಂಡ್ರಿಗಳದ್ದು ಬೇರೆಯೇ ಲೆಕ್ಕ. ಕರಗಿದ ಲೋಹ ಹೊಯ್ಯುವ ಹೊತ್ತು ಫರ್ನೇಸ್ ನಿರ್ಧರಿಸುತ್ತದೆ, ಫೋಟೊಗ್ರಾಫರ್ ಅಲ್ಲ. ಒಂದೊಂದು ಅಚ್ಚಿಗೆ ಹೊಯ್ಯುವುದು ಕೆಲವೇ ಸೆಕೆಂಡು. ಒಮ್ಮೆ ಕರಗಿಸಿ ಹೊಯ್ಯುವ ಸುತ್ತನ್ನು ಹೀಟ್ ಎನ್ನುತ್ತಾರೆ. ಹಿಂದಿನ ಹೀಟ್‌ನಲ್ಲಿ ನಿಂತು ನೋಡಿ, ಜಾಗ ಗುರುತಿಸಿ, ಮುಂದಿನ ಹೀಟ್‌ನಲ್ಲಿ ತೆಗೆಯುವುದು ಸರಿಯಾದ ಕ್ರಮ. ಸಿಂಥೆಟಿಕ್ ಬಟ್ಟೆ ಹಾಕಿ ಬಂದ ಫೋಟೊಗ್ರಾಫರ್ ಅನ್ನು ಕಾಯಿಸಿದ ಲೋಹದ ಹತ್ತಿರ ಬಿಡಲೇಬಾರದು. ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿ ಬಟ್ಟೆ, ಮುಚ್ಚಿದ ಬೂಟು, ಹೆಲ್ಮೆಟ್ ಕಡ್ಡಾಯ. ಪೇಂಟ್ ಬೂತ್, ಸಾಲ್ವೆಂಟ್ ಸಂಗ್ರಹದ ಕಡೆ ಸುರಕ್ಷತಾ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಫ್ಲ್ಯಾಶ್, ಬ್ಯಾಟರಿ ಯಾವುದನ್ನೂ ಒಯ್ಯಬಾರದು.

ಸಿಬ್ಬಂದಿಯ ಭಾವಚಿತ್ರಗಳು ಇದಕ್ಕೆ ಹೋಲಿಸಿದರೆ ಸುಲಭ. ಒಬ್ಬರಿಗೆ ಐದು ನಿಮಿಷದಂತೆ ಪಟ್ಟಿ ಮಾಡಿ ತಂಡ ತಂಡವಾಗಿ ಕರೆಯಿರಿ. ಹಿನ್ನೆಲೆಯಿಂದ ಆರೇಳು ಅಡಿ ಮುಂದೆ ಕೂರಿಸಲು 12×20 ಅಡಿಯ ಕೋಣೆ ಸಾಕು. ಸಣ್ಣ ಗೆರೆ, ಸಣ್ಣ ಚೌಕುಳಿಯ ಅಂಗಿ ಬೇಡ, ಚಿತ್ರದಲ್ಲಿ ಅಲೆಯಂತೆ ಬಣ್ಣದ ಗೆರೆ ಮೂಡುತ್ತದೆ. ಕನ್ನಡಕದಲ್ಲಿ ಲೈಟು ಹೊಳೆದರೆ ಲೈಟನ್ನು ಮೇಲೇರಿಸಬೇಕು, ಕನ್ನಡಕ ತೆಗೆಸಬಾರದು. ಮುಖ್ಯವಾದದ್ದು ಒಂದೇ: ಲೈಟಿನ ಎತ್ತರ, ದೂರ, ಲೆನ್ಸಿನ ಅಳತೆ, ಹಿನ್ನೆಲೆ ಬಣ್ಣ ಬರೆದಿಟ್ಟುಕೊಳ್ಳಲು ಹೇಳಿ, ಒಂದು ಪ್ರತಿ ನೀವೂ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಸೇರಿದವರ ಚಿತ್ರ ಉಳಿದವರದಕ್ಕೆ ಹೊಂದಬೇಕಾದರೆ ಅದು ಬೇಕೇ ಬೇಕು.

ಮೇಲಿನಿಂದ ಕಾರ್ಖಾನೆ ತೋರಿಸುವ ಡ್ರೋನ್ ಚಿತ್ರ ಈಗ ಎಲ್ಲರಿಗೂ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಳದಿ, ಕೆಂಪು ವಲಯಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಪೀಣ್ಯದ ಪಕ್ಕದಲ್ಲೇ ಜಾಲಹಳ್ಳಿಯ ವಾಯುಪಡೆ ನೆಲೆ ಇದೆ, ಬೆಂಗಳೂರಿನ ಬೇರೆ ಕಡೆ ಎಚ್‌ಎಎಲ್, ಯಲಹಂಕ, ಜಕ್ಕೂರು ಇವೆ. 250 ಗ್ರಾಂ ಮೀರಿದ ಡ್ರೋನ್ ಅನ್ನು ವ್ಯಾಪಾರಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಇರಬೇಕು. ಅದರ ಪ್ರತಿ ಕೇಳಿ. ಕೊಡಲು ಹಿಂಜರಿದರೆ ಆ ಚಿತ್ರ ಬಿಟ್ಟುಬಿಡಿ. ಪಕ್ಕದ ಎತ್ತರದ ಕಟ್ಟಡದ ಮೇಲಿನಿಂದ ತೆಗೆದರೂ ಚೆನ್ನಾಗಿರುತ್ತದೆ.

ಈಗ ಹಕ್ಕಿನ ವಿಚಾರ. ಇಲ್ಲಿ ಎರಡೂ ಕಡೆಯವರಿಗೆ ತಪ್ಪು ತಿಳಿವಳಿಕೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರು, ಅದಕ್ಕೆ ವಿರುದ್ಧವಾದ ಒಪ್ಪಂದ ಇಲ್ಲದಿದ್ದರೆ. ಆ ಕೊನೆಯ ಮಾತೇ ಮುಖ್ಯ. ಫೋಟೊಗ್ರಾಫರ್ ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಕ್ಕು ತಮ್ಮದು, ಬಳಕೆಗೆ ಒಂದು ವರ್ಷದ ಪರವಾನಗಿ ಎಂದು ಬರೆದಿದ್ದು, ನೀವು ಓದದೆ ಒಪ್ಪಿ ಸಹಿ ಮಾಡಿದ್ದರೆ ಅದೇ ಒಪ್ಪಂದ. ಹಾಗೆ ಬರೆಯುವುದು ಅನ್ಯಾಯವೇನಲ್ಲ. ಕಡಿಮೆ ದರಕ್ಕೆ ಸೀಮಿತ ಬಳಕೆ ಎಂಬುದು ಒಪ್ಪಬಹುದಾದ ವ್ಯವಹಾರ. ಎರಡೂ ಕಡೆಗೆ ಗೊತ್ತಿದ್ದು ಆಗಬೇಕು ಅಷ್ಟೆ.

ಜಾಹೀರಾತು ಏಜೆನ್ಸಿಯ ಮೂಲಕ ತೆಗೆಸಿದರೆ ಇನ್ನೂ ಎಚ್ಚರ ಬೇಕು. ಆಗ ಫೋಟೊಗ್ರಾಫರ್‌ಗೆ ಕೆಲಸ ಹೇಳಿ ಹಣ ಕೊಟ್ಟವರು ಏಜೆನ್ಸಿಯವರು. ಹಕ್ಕು ನಿಮಗೆ ಬರಬೇಕಾದರೆ ಅವರಿಂದ ಬರವಣಿಗೆಯಲ್ಲಿ ವರ್ಗಾಯಿಸಿಕೊಳ್ಳಬೇಕು. ಅದೇ ಕಾಯ್ದೆಯ 19ನೇ ಕಲಮು ಹೇಳುವಂತೆ ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸುತ್ತಾರೆ. ಜರ್ಮನಿಗೋ ಅಮೆರಿಕಕ್ಕೋ ಪಂಪು, ವಾಲ್ವ್ ಕಳಿಸುವವರು ಆ ಪತ್ರದಲ್ಲಿ ಪೂರ್ಣ ಅವಧಿಗೆ, ಪ್ರಪಂಚದ ಎಲ್ಲ ಕಡೆ ಎಂದು ಬರೆಸಿಕೊಳ್ಳಬೇಕು. ಈ ಒಂದು ಸಾಲು ಎಷ್ಟೋ ಕಂಪನಿಗಳ ಕಾಗದದಲ್ಲಿ ಇರುವುದಿಲ್ಲ. ಹಕ್ಕು ನಿಮ್ಮದಾದರೂ ರಾ ಫೈಲುಗಳನ್ನು (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಫೈಲು) ಒಪ್ಪಿಸುವುದು ಬೇರೆಯೇ ಮಾತು, ಬೇಕಿದ್ದರೆ ಮೊದಲೇ ಕೇಳಿ ಬರೆಸಿ. 57ನೇ ಕಲಮಿನಂತೆ ತೆಗೆದವರು ತಾವೇ ಎಂದು ಹೇಳಿಕೊಳ್ಳುವ ಹಕ್ಕು ಫೋಟೊಗ್ರಾಫರ್‌ಗೆ ಉಳಿಯುತ್ತದೆ. ಆದರೆ ನಿಮ್ಮ ಶೆಡ್ಡಿನ ಚಿತ್ರವನ್ನು ತಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕಲು ಹಕ್ಕುದಾರರಾದ ನಿಮ್ಮ ಒಪ್ಪಿಗೆ ಬೇಕು.

ಚಿತ್ರದಲ್ಲಿರುವ ಕಾರ್ಮಿಕರ ಒಪ್ಪಿಗೆಯನ್ನು ಯಾರೂ ಕೇಳುವುದೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದನ್ನು ಹಗುರವಾಗಿ ಕಾಣುವಂತಿಲ್ಲ. ಕಾಯ್ದೆ ಇರಲಿ ಬಿಡಲಿ, ಕೇಳುವುದು ಮರ್ಯಾದೆ. ಫೋಟೊ ಎಲ್ಲಿ ಬಳಕೆಯಾಗುತ್ತದೆ, ಕೆಲಸ ಬಿಟ್ಟ ಮೇಲೆ ತೆಗೆಸಬಹುದೇ ಎಂಬುದನ್ನು ಅವರು ಓದಬಲ್ಲ ಭಾಷೆಯಲ್ಲಿ ಅರ್ಧ ಪುಟ ಬರೆದು ಸಹಿ ಪಡೆಯಿರಿ. ಗುತ್ತಿಗೆ ಕಾರ್ಮಿಕರಲ್ಲಿ ಒಡಿಶಾ, ಬಿಹಾರದವರಿದ್ದರೆ ಹಿಂದಿಯಲ್ಲೂ ಇರಲಿ. ಬೇಡ ಎಂದವರನ್ನು ಒತ್ತಾಯಿಸಬೇಡಿ.

ತಿದ್ದುವಿಕೆಗೂ ಒಂದು ಗೆರೆ ಬೇಕು. ಎಣ್ಣೆ ಕಲೆ, ನೆಲದ ಬಿರುಕು, ಅಡ್ಡಬಂದ ವೈರ್ ತೆಗೆದರೆ ತಪ್ಪಿಲ್ಲ. ಯಂತ್ರಕ್ಕೆ ಇಲ್ಲದ ಸುರಕ್ಷಾ ಗಾರ್ಡ್ ಸೇರಿಸುವುದು, ಎರಡು ಯಂತ್ರವನ್ನು ಆರು ಮಾಡುವುದು, ಖಾಲಿ ಗೋದಾಮನ್ನು ಎಐ ಬಳಸಿ ತುಂಬಿಸುವುದು ಮೋಸ. ಖರೀದಿದಾರರು ಕಾರ್ಖಾನೆ ನೋಡಲು ಬಂದ ದಿನ ಅದು ಬಯಲಾಗುತ್ತದೆ. ಅಂಥದ್ದನ್ನು ಕೇಳಿದರೆ ನಾವು ಒಪ್ಪುವುದಿಲ್ಲ.

ಕೊಟೇಶನ್ ಮೂರು ಕಡೆಯಿಂದ ತರಿಸಿ, ಆದರೆ ಮೂವರಿಗೂ ಅದೇ ಒಂದು ಹಾಳೆ ಕೊಟ್ಟು ತರಿಸಿ. ದಿನ ಎಂದರೆ ಎಂಟು ಗಂಟೆಯೇ, ಸಹಾಯಕರು ಎಷ್ಟು ಜನ, ಲೈಟಿನ ಬಾಡಿಗೆ, ಪ್ರಯಾಣ, ಊಟ-ವಸತಿ, ತಿದ್ದಿದ ಚಿತ್ರಗಳ ಸಂಖ್ಯೆ, ಹೆಚ್ಚುವರಿ ಚಿತ್ರಕ್ಕೆ ದರ, ನೋಂದಾಯಿತರಾಗಿದ್ದರೆ ಶೇ 18 ಜಿಎಸ್‌ಟಿ, ಇವೆಲ್ಲ ಬಿಡಿಬಿಡಿಯಾಗಿ ಇರಲಿ. ತೀರ ಕಡಿಮೆ ದರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗಿರುವುದು ಸಹಾಯಕರು, ಲೈಟು ಮತ್ತು ತಿದ್ದುವಿಕೆ. ಕ್ಯಾಮೆರಾದಲ್ಲಿ ಎರಡು ಕಾರ್ಡಿಗೆ ಏಕಕಾಲಕ್ಕೆ ದಾಖಲಾಗುತ್ತದೆಯೇ, ಇನ್ನೊಂದು ಕ್ಯಾಮೆರಾ ತರುತ್ತಾರೆಯೇ ಎಂದೂ ಕೇಳಿ. ಯಂತ್ರ ನಿಲ್ಲಿಸಿ ತೆಗೆದ ಚಿತ್ರ ಕಾರ್ಡ್ ಕೆಟ್ಟು ಹೋದರೆ ಉತ್ಪಾದನೆಯೂ ಹೋಯಿತು, ಚಿತ್ರವೂ ಹೋಯಿತು. ಒಪ್ಪಿಸುವಾಗ ಮುದ್ರಣಕ್ಕೆ ಪೂರ್ಣ ಅಳತೆಯ ಫೈಲು, ವೆಬ್‌ಗೆ ಅಗಲ 2000 ಪಿಕ್ಸೆಲ್ ಸುಮಾರಿನ, ಪರದೆಯ ಬಣ್ಣಕ್ಕೆ ಹೊಂದುವ ಎಸ್‌ಆರ್‌ಜಿಬಿ ಜೆಪೆಗ್, ಹೀಗೆ ಎರಡು ಫೋಲ್ಡರ್ ಕೇಳಿ. ಫೈಲಿನ ಹೆಸರಿನಲ್ಲಿ ಯಂತ್ರದ ಹೆಸರಿರಲಿ. ಬಂದ ದಿನವೇ ಎರಡು ಬೇರೆ ಬೇರೆ ಡಿಸ್ಕಿಗೆ ನಕಲು ಮಾಡಿ, ಒಂದನ್ನು ಕಾರ್ಖಾನೆಯ ಹೊರಗೆ ಇಡಿ. ಫೋಟೊಗ್ರಾಫರ್ ಹತ್ತಿರ ಹೇಗೂ ಇರುತ್ತದೆ ಎಂದು ನಂಬಬೇಡಿ.

ಹಣದ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಅರ್ಧ ಮುಂಗಡ, ಉಳಿದದ್ದು ಚಿತ್ರ ಒಪ್ಪಿಸಿದ ಮೇಲೆ ಎಂಬುದು ಚಾಲ್ತಿಯಲ್ಲಿರುವ ಪದ್ಧತಿ. ಆ ಉಳಿದರ್ಧ ತಿಂಗಳುಗಟ್ಟಲೆ ನಿಲ್ಲುತ್ತದೆ. ದೊಡ್ಡ ಕಂಪನಿಗಳು ಬಿಲ್ ತಡ ಮಾಡುತ್ತವೆ ಎಂದು ಸಣ್ಣ ಉದ್ಯಮಿಗಳು ಹೇಳುವ ದೂರು ನ್ಯಾಯವಾದದ್ದು. ಉದ್ಯಮ್ ನೋಂದಣಿ ಇರುವ ಫೋಟೊಗ್ರಾಫರ್ ಕೂಡ ಸಣ್ಣ ಉದ್ಯಮಗಳಿಗಾಗಿ ಇರುವ ಅದೇ 2006ರ ಎಂಎಸ್‌ಎಂಇ ಕಾಯ್ದೆಯಡಿ ಬರುತ್ತಾರೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ನಿಮಗೆ ಬರಬೇಕಾದ ಹಣಕ್ಕೆ ನೀವು ತೋರಿಸುವ ಕಾಯ್ದೆಯನ್ನು ನೀವು ಕೊಡಬೇಕಾದ ಹಣಕ್ಕೂ ನೆನಪಿಡಿ.

ವಾರಕ್ಕೊಮ್ಮೆ ಹಾಕುವ ಲಿಂಕ್ಡ್‌ಇನ್ ಪೋಸ್ಟು, ಲಾರಿ ಹೊರಟ ಚಿತ್ರ, ಆಯುಧಪೂಜೆಯ ಚಿತ್ರ, ಇವಕ್ಕೆಲ್ಲ ಒಳ್ಳೆಯ ಮೊಬೈಲ್ ಸಾಕು. ಅದಕ್ಕೆ ನಮ್ಮನ್ನು ಕರೆದು ಹಣ ಕಳೆಯಬೇಡಿ. ವರ್ಷಕ್ಕೊಮ್ಮೆಯೋ ಹೊಸ ಯಂತ್ರ ಬಂದಾಗಲೋ ಸರಿಯಾಗಿ ಒಂದೆರಡು ದಿನ ತೆಗೆಸಿದರೆ ಬಹುಪಾಲು ಸಣ್ಣ ಕಾರ್ಖಾನೆಗಳಿಗೆ ಸಾಕಾಗುತ್ತದೆ.

ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಪೀಣ್ಯ ಕೈಗಾರಿಕೆಗಳ ಸಂಘ ಹಾಗೂ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನಮ್ಮದೊಂದು ಕೋರಿಕೆ. ಚಿತ್ರಗಳ ಪಟ್ಟಿ ಮತ್ತು ಬಳಕೆ, ದಿನ ಮತ್ತು ಸಮಯ, ಬರುವವರ ಹೆಸರು, ಒಪ್ಪಿಸುವ ಫೈಲುಗಳ ಅಳತೆ ಮತ್ತು ದಿನಾಂಕ, ಹಕ್ಕಿನ ಅವಧಿ ಮತ್ತು ಪ್ರದೇಶ, ಗೋಪ್ಯತೆ, ದಿನ ಮುಂದೂಡಿದರೆ ಕೊಡಬೇಕಾದ ಮೊತ್ತ, ಹಣ ಕೊಡುವ ದಿನ, ಇಷ್ಟನ್ನು ತುಂಬುವ ಒಂದು ಪುಟದ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಕೊಡಿ. ಅದರ ಹಿಂಬದಿಯಲ್ಲಿ ಕಾರ್ಮಿಕರ ಒಪ್ಪಿಗೆ ಪತ್ರ ಅಚ್ಚಾಗಲಿ. ಕರಡು ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಕೆಲವು ಫೋಟೊಗ್ರಾಫರ್‌ಗಳು
ಬೆಂಗಳೂರು